ಕವಳಿ ಮಟ್ಟಿಯನ್ನು ಒಂಟಿ ಕಾಂಡದ ಮರ ಮಾಡಿದ್ದು

ಕವಳಿಯನ್ನು ನಮ್ಮ ಮಲೆನಾಡಿನಲ್ಲಿ ನೆಟ್ಟು ಬೆಳೆಸುವವರು ಕಡಿಮೆ. ಬೇಲಿಯಲ್ಲಿ, ಗುಡ್ಡದಲ್ಲಿ ತಾನಾಗೇ ಇರುತ್ತದೆ, ಬೇಸಿಗೆಯಲ್ಲಿ ಕಾಯಿ ಕೊಯ್ದು ಉಪ್ಪಿನಕಾಯಿಗೆ ಹಾಕಿದರೆ ಮುಗಿಯಿತು. (ಕರಾವಳಿಯವರಿಗೆ ಕರಂಡೆ ಎಂದರೆ ಬೇಗ ಗೊತ್ತಾದೀತು.) ಆದರೆ ವರ್ಷವಿಡೀ ಹಸಿರಾಗಿರುವ, ಜಂಬಿಟ್ಟಿಗೆ ನೆಲದಲ್ಲೂ ಬದುಕುವ, ಘಮಘಮಿಸುವ ಬಿಳಿ ಹೂ ಬಿಡುವ ಗಿಡ ಮನೆ ಹಿಂದೆಯೇ ಇರುವಾಗ, ಅಂಗಳಕ್ಕೆ ಅಂತ ನರ್ಸರಿಯಿಂದ ಯಾವುದೋ ವಿದೇಶಿ ಗಿಡವನ್ನು ದುಡ್ಡು ಕೊಟ್ಟು ತರುವುದು ಯಾಕೆ ಅಲ್ವಾ?

ಬೀಜದಿಂದಲೇ ಮಾಡಿದೆ. ಹಣ್ಣು ತಿಂದ ಕೂಡಲೇ ಬೀಜ ಹಾಕಬೇಕು, ಒಣಗಿಸಿಟ್ಟರೆ ಸರಿಯಾಗಿ ಹುಟ್ಟುವುದಿಲ್ಲ. ಮುಂದಿನ ಮಳೆಗಾಲಕ್ಕೆ ಸಸಿ ನೆಟ್ಟೆ. ಮೊದಮೊದಲು ಬೆಳವಣಿಗೆ ನಿಧಾನ, ಸುಮ್ನೆ ಬಿಟ್ಟುಬಿಡಿ.

ನಿಜವಾದ ಕೆಲಸ ಇರುವುದು ಕಾಂಡ ಎಬ್ಬಿಸುವುದರಲ್ಲಿ. ಕವಳಿಗೆ ನೆಟ್ಟಗೆ ಮೇಲೆ ಹೋಗುವ ಅಭ್ಯಾಸವೇ ಇಲ್ಲ. ಯಾಕೆ ಅಂತ ಕೊಂಬೆಯ ತುದಿ ನೋಡಿದರೆ ತಿಳಿಯುತ್ತದೆ. ಅಲ್ಲಿನ ಮೊಗ್ಗು ಚಿಗುರುವ ಬದಲು ಜೋಡಿ ಮುಳ್ಳಾಗಿಬಿಡುತ್ತದೆ. ಆ ದಾರಿ ಬಂದ್. ಆಮೇಲೆ ಮುಳ್ಳಿನ ಬುಡದಲ್ಲಿ ಎದುರುಬದುರು ಇರುವ ಎಲೆಗಳ ಸಂದಿಯಿಂದ ಎಡಕ್ಕೊಂದು ಬಲಕ್ಕೊಂದು ಚಿಗುರು ಹೊರಡುತ್ತದೆ, ಅವೂ ಸ್ವಲ್ಪ ದೂರ ಹೋಗಿ ಮುಳ್ಳಾಗಿ ಮತ್ತೆ ಕವಲೊಡೆಯುತ್ತವೆ, ಹೀಗೇ ಕವಲಿನ ಮೇಲೆ ಕವಲು ಬಂದು ಕೈ ಹಾಕಲಾಗದ ಮಟ್ಟಿಯಾಗುತ್ತದೆ. ಹಾಗಾಗಿ ಪ್ರತಿ ಕವಲಿನಲ್ಲೂ ನೀವೇ ಒಂದನ್ನು ಆರಿಸಬೇಕು. ನಾನು ಒಂದು ಸಲ ಎಡದ್ದು ಉಳಿಸಿದರೆ ಮುಂದಿನ ಸಲ ಬಲದ್ದು ಉಳಿಸಿದೆ, ಉಳಿಸಿಕೊಂಡದ್ದನ್ನು ಬಿದಿರು ಗೂಟಕ್ಕೆ ಬಾಳೆ ಪಟ್ಟೆಯಿಂದ ಸಡಿಲವಾಗಿ ಕಟ್ಟಿದೆ. ಮೊದಲು ಕಾಂಡ ಅಂಕುಡೊಂಕಾಗಿ ಕಾಣುತ್ತದೆ. ದಪ್ಪವಾಗುತ್ತಾ ಬಂದಂತೆ ಆ ಡೊಂಕು ಸುಮಾರಾಗಿ ಮುಚ್ಚಿಹೋಗುತ್ತದೆ.

ಕೆಳಗಿನ ಅಡ್ಡ ಕೊಂಬೆಗಳನ್ನು ಒಂದೇ ಸಲ ಬೋಳಿಸಬಾರದು. ಅವುಗಳ ಎಲೆಯಿಂದಲೇ ಕಾಂಡ ದಪ್ಪವಾಗುವುದು. ಗೇಣುದ್ದಕ್ಕೆ ಮೋಟು ಮಾಡಿ ಬಿಟ್ಟು, ಕಾಂಡ ಹೆಬ್ಬೆರಳಿಗಿಂತ ದಪ್ಪವಾದ ಮೇಲೆ ಕೆಳಗಿನಿಂದ ಒಂದೊಂದಾಗಿ ತೆಗೆದೆ. ಎದೆಮಟ್ಟ ಬಂದ ಮೇಲೆ ಕವಲು ಆರಿಸುವುದನ್ನು ನಿಲ್ಲಿಸಿದೆ. ಅಲ್ಲಿಂದ ಮೇಲೆ ಗಿಡದ ಹುಟ್ಟುಗುಣವೇ ನಮ್ಮ ಕೆಲಸ ಮಾಡುತ್ತದೆ, ಕೊಡೆ ಬಿಚ್ಚಿದ ಹಾಗೆ ತಲೆ ತುಂಬಿಕೊಳ್ಳುತ್ತದೆ. ಬುಡದಿಂದ ಏಳುವ ಚಿಗುರುಗಳನ್ನು ಮಾತ್ರ ಎಳೆಯದಾಗಿರುವಾಗಲೇ ಬೆರಳಿನಿಂದ ಮುರಿದುಬಿಡಿ, ಆಗ ಮುಳ್ಳೂ ಮೆತ್ತಗಿರುತ್ತದೆ.

ದೊಡ್ಡ ಸವರುವಿಕೆ ನಾನು ಮಾಡುವುದು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ಬೇಸಿಗೆ ಹತ್ತಿರ ಬಂದಾಗ ಕತ್ತರಿ ಹಾಕಿದರೆ ಆ ವರ್ಷದ ಉಪ್ಪಿನಕಾಯಿಯನ್ನೇ ಕತ್ತರಿಸಿದಂತೆ. ಕತ್ತರಿಸಿದಲ್ಲಿ ಬಿಳಿ ಹಾಲು ಸುರಿಯುತ್ತದೆ, ಗಾಬರಿ ಬೇಡ, ತಾನೇ ಒಣಗುತ್ತದೆ. ಕೈಗೂ ಕತ್ತರಿಗೂ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಅಂಟು ಸುಲಭವಾಗಿ ಹೋಗುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೇ ಅಂಗಿಯೇ ಸರಿ. ದಪ್ಪ ಗಾಯಕ್ಕೆ ಅಡಿಕೆಗೆ ಅಂತ ತಂದಿಟ್ಟ ಮೈಲುತುತ್ತ, ಸುಣ್ಣದಲ್ಲೇ ಬೋರ್ಡೋ ಪೇಸ್ಟ್ (ಶಿಲೀಂಧ್ರ ತಡೆಯುವ ಲೇಪ) ಮಾಡಿ ಬಳಿಯುತ್ತೇನೆ.

ಈಗ ಅಡಿಯಲ್ಲಿ ಹಳೇ ಸೀರೆ ಹಾಸಿ, ನಿಂತುಕೊಂಡೇ ಕಾಯಿ ಕೊಯ್ಯಬಹುದು. ಕೈ ಗೀರುವುದು ಪೂರ್ತಿ ತಪ್ಪಿಲ್ಲ, ಕಡಿಮೆಯಾಗಿದೆ ಅಷ್ಟೇ. ಕಡಿದ ಕೊಂಬೆಗಳನ್ನು ಬದನೆ ಸಾಲಿನ ಸುತ್ತ ಒತ್ತಿದರೆ ದನ ಹತ್ತಿರ ಬರುವುದಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು ನೀವೂ ಹೋಗಬೇಡಿ, ಮುಳ್ಳು ಅಡಿ ತೂರಿ ಕಾಲಿಗೇ ಬರುತ್ತದೆ.