ಸೂಜಿಗೆ ಮೊದಲು ಎದೆಹಾಲು: ಎಳೆಗೂಸಿನ ನೋವು ತಗ್ಗಿಸುವ ಬಗೆ

ಹುಟ್ಟಿದ ಕೂಸಿಗೆ ಸೂಜಿ ತಪ್ಪುವುದಿಲ್ಲ. ತೊಡೆಗೆ ವಿಟಮಿನ್ ಕೆ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಎಡತೋಳಿಗೆ ಕ್ಷಯ ತಡೆಯುವ ಬಿಸಿಜಿ. ತೂಕ ಕಡಿಮೆಯಿದ್ದರೆ ಸಕ್ಕರೆ ಅಂಶ ನೋಡಲು ಹಿಮ್ಮಡಿಗೂ ಚುಚ್ಚುತ್ತಾರೆ. ಸಾಮಾನ್ಯವಾಗಿ ಮಗು ಅತ್ತ ಮೇಲೆ ಅಮ್ಮ ಎತ್ತಿಕೊಂಡು ಹಾಲೂಡಿಸುತ್ತಾಳೆ. ಈ ಕ್ರಮ ತಿರುಗಬೇಕು. ಹಾಲು ಮೊದಲು, ಸೂಜಿ ಆಮೇಲೆ.

‘ಇಷ್ಟು ಎಳೆಗೂಸಿಗೆ ಏನು ಗೊತ್ತಾಗುತ್ತೆ’ ಎನ್ನುವವರಿದ್ದಾರೆ. 1980ರ ದಶಕದವರೆಗೆ ಎಷ್ಟೋ ವೈದ್ಯರೂ ಹಾಗೇ ನಂಬಿದ್ದರು. 1987ರಲ್ಲಿ ವೈದ್ಯ-ಸಂಶೋಧಕ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಗಳು ಆ ನಂಬಿಕೆಯನ್ನು ಅಲುಗಾಡಿಸಿದವು. ನೋವನ್ನು ಮೆದುಳಿಗೆ ಒಯ್ಯುವ ನರಗಳು ಹುಟ್ಟುವಾಗಲೇ ಚುರುಕಾಗಿರುತ್ತವೆ. ನೋವನ್ನು ತಡೆಹಿಡಿಯುವ ವ್ಯವಸ್ಥೆ ಮಾತ್ರ ಇನ್ನೂ ಬಲಿತಿರುವುದಿಲ್ಲ.

ಮೊದಲ ಕೆಲಸ, ಸಿಸ್ಟರ್‌ಗೆ ಮುಂಚಿತವಾಗಿ ಹೇಳುವುದು: ‘ಹಾಲು ಕುಡಿಸುತ್ತಲೇ ಇರ್ತೀನಿ, ಆಗ ಕೊಡಿ.’ ಲಸಿಕೆಯ ವೇಳೆ ಎದೆಹಾಲು ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಶಿಫಾರಸು ಮಾಡಿದೆ, ಆದ್ದರಿಂದ ಸಂಕೋಚ ಬೇಡ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳಿಂದ ಬರುವವರು ಬಸ್ಸಿನಲ್ಲೇ ಹೊಟ್ಟೆ ತುಂಬ ಕುಡಿಸಿಬಿಟ್ಟರೆ ಬೇಕಾದ ಹೊತ್ತಿಗೆ ಮಗು ಬಾಯಿ ತೆರೆಯುವುದಿಲ್ಲ. ಸ್ವಲ್ಪ ಹಸಿವು ಉಳಿದಿರಲಿ.

ಬೆನ್ನಿಗೆ ಆಸರೆಯಿಟ್ಟು ಕೂತು, ಮಗುವಿನ ಬಟ್ಟೆ ಬಿಚ್ಚಿ ನಿಮ್ಮ ಬರಿ ಎದೆಗೆ ಒರಗಿಸಿಕೊಳ್ಳಿ, 10ರಿಂದ 15 ನಿಮಿಷ. ಮಲೆನಾಡಿನ ಮಳೆಗಾಲದ ಥಂಡಿಗೆ ತಲೆಗೆ ಕುಲಾವಿ, ಬೆನ್ನ ಮೇಲೆ ಮಡಚಿದ ಹಳೇ ಪಂಚೆ ಇರಲಿ. ಚುಚ್ಚುವ ತೊಡೆ ಅಥವಾ ತೋಳಷ್ಟೇ ಹೊರಗೆ. ಬಿಸಿಜಿಗೆ ಎಡಮೊಲೆಗೆ ಅಡ್ಡಲಾಗಿ ಹಾಕಿಕೊಂಡರೆ ಮಗುವಿನ ಎಡತೋಳು ತಾನಾಗಿ ಮೇಲೆ ಬರುತ್ತದೆ.

ಆಮೇಲೆ ಹಾಲಿಗೆ ಹಚ್ಚಿ. ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು. ಗುಟುಕರಿಸುವ ಸದ್ದು ಕಿವಿಗೆ ಬೀಳಬೇಕು. ಹೀಗೆ ಕನಿಷ್ಠ 2 ನಿಮಿಷ ಕುಡಿದ ಮೇಲೇ ಸೂಜಿ. ಬಾಯಿಗಿಟ್ಟ ಹತ್ತು ಸೆಕೆಂಡಿಗೇ ಚುಚ್ಚಿದರೆ ಫಲ ಸಿಗದು, ಹೆಚ್ಚಿನ ಕಡೆ ಎಡವುವುದು ಇಲ್ಲೇ. ‘ಹಾಲು ನೆತ್ತಿಗೇರುತ್ತೆ’ ಎಂದು ಚುಚ್ಚುವಾಗ ಮಗುವನ್ನು ಬಿಡಿಸುವವರೂ ಇದ್ದಾರೆ. ಕುಡಿಯುತ್ತಿರುವಾಗಲೇ ಚುಚ್ಚಿ ನಡೆಸಿದ ಅಧ್ಯಯನಗಳಲ್ಲಿ ಅಂಥ ತೊಂದರೆ ಕಂಡುಬಂದಿಲ್ಲ. ಬಿಡಿಸಬೇಡಿ, ಸೂಜಿ ತೆಗೆದ ಮೇಲೂ ಕುಡಿಯುತ್ತಿರಲಿ.

ಸಿಸೇರಿಯನ್ ಆಗಿ ಬಾಣಂತಿ ಬೇರೆ ವಾರ್ಡಿನಲ್ಲಿದ್ದರೆ, ಮಗುವಿಗೆ ಬಾಯಿಂದ ಹಾಲು ಕೊಡಬಹುದೆಂದು ವೈದ್ಯರು ಹೇಳಿದ್ದರೆ, ಹಿಂಡಿದ ಎದೆಹಾಲು ಸುಮಾರು 2 ಮಿ.ಲೀ. ಒಳಲೆಯಲ್ಲೋ ಚಮಚದಲ್ಲೋ ಸೂಜಿಗೆ 2 ನಿಮಿಷ ಮೊದಲು ತೊಟ್ಟುತೊಟ್ಟಾಗಿ ಕೊಡಬಹುದು. ಎದೆಗೆ ಹಾಕಿದಷ್ಟು ಗುಣ ಇದರಲ್ಲಿಲ್ಲ. ನವಜಾತ ಶಿಶು ಘಟಕದಲ್ಲಿ ಅಳತೆಯ ಸಕ್ಕರೆ ದ್ರಾವಣದ ಹನಿ ಹಾಕುವುದುಂಟು. ಅದರ ಪರಿಣಾಮ ಕೆಲವೇ ನಿಮಿಷ ಇರುತ್ತದೆ, ಮತ್ತು ಅದು ಸಿಬ್ಬಂದಿಯ ಕೆಲಸ. ಮನೆಯಲ್ಲಿ ಸಕ್ಕರೆನೀರು, ಬೆಲ್ಲ ಬೇಡ. ನಮ್ಮ ಕಡೆ ಮನೆಮನೆಯಲ್ಲೂ ಇರುವ ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಬೀಜಾಣುಗಳು ಎಳೆಕರುಳಿನಲ್ಲಿ ಬೆಳೆದು, ಸ್ನಾಯುಗಳ ಶಕ್ತಿ ಕುಂದಿಸುವ ಬಾಟುಲಿಸಂ ತರಬಲ್ಲವು.

ಹಾಲು ಕೊಡಲಾಗದಾಗ ಕೈಯಿದೆಯಲ್ಲ. ಅಜ್ಜಿಯೋ ಅಪ್ಪನೋ ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದು ಅಂಗೈಯನ್ನು ನೆತ್ತಿಯ ಮೇಲೂ ಇನ್ನೊಂದನ್ನು ಪಾದಗಳಿಗೂ ಇಟ್ಟು, ಗರ್ಭದಲ್ಲಿದ್ದ ಹಾಗೆ ಕೈಕಾಲು ಹೊಟ್ಟೆಯ ಕಡೆ ಮಡಚಿ ಹಿಡಿಯಬೇಕು. ಅದುಮಬಾರದು, ಸವರುತ್ತಲೂ ಇರಬಾರದು. ಒಂದೇ ಸಮ ಹಿಡಿದಿರುವುದು. ಸೂಜಿಗೆ ಮೊದಲೇ ಹಿಡಿದು, ಮಗು ಸಮಾಧಾನವಾಗುವವರೆಗೂ ಬಿಡಬಾರದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಇದು ತುಂಬ ಒಳ್ಳೆಯದು. ಅವು ನೋವಾದರೂ ಅಳುವಷ್ಟು ಶಕ್ತಿಯಿಲ್ಲದೆ ಸುಮ್ಮನಿರಬಹುದು. ಹುಬ್ಬುಗಂಟು, ಬಿಗಿಯಾಗಿ ಮುಚ್ಚಿದ ಕಣ್ಣು, ಮೂಗಿನಿಂದ ಬಾಯಂಚಿಗೆ ಇಳಿದ ಗೆರೆ ನೋಡಿ ತಿಳಿಯಬೇಕು.

ಹಿಮ್ಮಡಿಯ ವಿಷಯದಲ್ಲಿ ಚುಚ್ಚುವುದಷ್ಟೇ ಅಲ್ಲ, ಹಿಂಡುವುದೂ ನೋವೇ. ರಕ್ತದ ಹನಿ ತೆಗೆಯುವ ಪುಟ್ಟ ಸೂಜಿಯಾದ, ಸ್ಪ್ರಿಂಗ್ ಇರುವ ಲ್ಯಾನ್ಸೆಟ್‌ನಿಂದ ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿ, ಕಾಲು ತಗ್ಗಿನಲ್ಲಿಟ್ಟು, ಹನಿ ತಾನಾಗಿ ತುಂಬಲು ಬಿಡಬೇಕು. ಬಿಸಿಬಟ್ಟೆಯ ಶಾಖ ಕೊಡಬೇಡಿ, ಚರ್ಮ ಸುಟ್ಟೀತು. ಹೆಚ್ಚು ರಕ್ತ ಬೇಕಾದರೆ ಪಳಗಿದ ಕೈ ರಕ್ತನಾಳದಿಂದ ತೆಗೆಯುವುದೇ ಮೇಲು.

ಚುಚ್ಚಿದ ಜಾಗ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಬಿಸಿಜಿ ಹಾಕಿದಲ್ಲಿ ಕೆಲವು ವಾರಗಳ ಮೇಲೆ ಗುಳ್ಳೆಯೆದ್ದು ಕಲೆಯಾಗುವುದು ಸಹಜ. ಆದರೆ ತಿಂಗಳೊಳಗಿನ ಮಗು ಹಾಲು ಬಿಟ್ಟರೆ ಅಥವಾ ಮೈ 38 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದನ್ನು ಲಸಿಕೆಯ ಜ್ವರ ಎಂದುಕೊಂಡು ಮನೆಯಲ್ಲೇ ಕಾಯದೆ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.