ಹೈಸ್ಕೂಲ್ ಟೀಚರ್ ಕೆಲಸ ಸಾಕಾಯ್ತು ಅನ್ನಿಸಿದಾಗ ಏನು ಮಾಡಬೇಕು

ಪೀಣ್ಯದ ಹತ್ತಿರ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 19 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಹೊಸಬರು ಎರಡೇ ವರ್ಷಕ್ಕೆ "ಮೇಡಂ, ಆಗ್ತಿಲ್ಲ" ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಸುಸ್ತು ಎಲ್ಲಿಂದ ಬರುತ್ತಿದೆ ಅಂತ ಒಂದು ವಾರ ಬರೆದಿಡಿ. ನಾನು ಬರೆದಾಗ ಮಕ್ಕಳ ಹೆಸರು ಒಂದೂ ಬರಲಿಲ್ಲ. ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಇವೇ ಜಾಸ್ತಿ. ಆದಷ್ಟನ್ನು ಶನಿವಾರ ಮಧ್ಯಾಹ್ನಕ್ಕೆ ತಳ್ಳಿದೆ. ಪಾಠದ ಹೊತ್ತಿನಲ್ಲಿ ಮೊಬೈಲ್ ಬೀರುವಿನಲ್ಲೇ ಇರುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಡಿ. ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು ಇದೇ. ದಿನಕ್ಕೆ ಒಂದು ಮಗು, ಎರಡು ಸಾಲು. "ಗಾರೆ ಕೆಲಸದವರ ಮಗಳು. ಇವತ್ತು ಪೈಥಾಗೊರಸ್ ಪ್ರಮೇಯವನ್ನು ಬೋರ್ಡ್ ಮೇಲೆ ತಾನೇ ಸಾಧಿಸಿದಳು." ಶಾಲೆಯ ರಿಸಲ್ಟ್ ಪೂರ್ತಿ ನಮ್ಮ ಕೈಯಲ್ಲಿಲ್ಲ, ಅಲ್ವಾ? ಈ ಎರಡು ಸಾಲು ಇದೆ.

ಈಗ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಫೇಲಾದ ಒಬ್ಬ ಹುಡುಗನನ್ನಾದರೂ ಬೇಸಿಗೆಯಲ್ಲಿ ಕೂರಿಸಿಕೊಂಡು ಓದಿಸಿ. ರಜೆ ಹೋಯಿತು ಅಂತ ಬೇಜಾರಾಗುತ್ತದೆ, ನಿಜ. ನನ್ನ ಹುಡುಗ ಪಾಸಾಗಿ ಮೈಸೂರುಪಾಕು ತಂದ ದಿನ ಆ ರಜೆಯ ನೆನಪೇ ಬರಲಿಲ್ಲ.

ಹೆಡ್‌ಮಾಸ್ಟರ್ ಹತ್ತಿರ ಬರೀ ದೂರು ಒಯ್ಯಬೇಡಿ. ಯಾವ ಪೀರಿಯಡ್ಡನ್ನು ಯಾರ ಜೊತೆ ಬದಲಿಸಿಕೊಳ್ಳಬಹುದು ಅಂತ ಮೊದಲೇ ಮಾತಾಡಿಕೊಂಡು ಹೋಗಿ.

ಮೊದಲೆಲ್ಲ ಪೀಣ್ಯದಿಂದ ಬನಶಂಕರಿವರೆಗೆ ಮೆಟ್ರೋದಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ. ಸುಮ್ನೆ ಕಿಟಕಿಯಾಚೆ ನೋಡುತ್ತೇನೆ.