ಅಕ್ಕನ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು

ಅಕ್ಕನ ಮದುವೆ ಆಗಿದ್ದು 2004ರ ಮೇ ತಿಂಗಳಲ್ಲಿ, ಸಾಗರದ ಹತ್ತಿರ ನಮ್ಮ ಮನೆ ಅಂಗಳದಲ್ಲೇ. ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಮಾವ ಒಂಬತ್ತು ಮಿನಿ ಡಿವಿ (ಪುಟ್ಟ ಡಿಜಿಟಲ್ ವಿಡಿಯೋ) ಕ್ಯಾಸೆಟ್ ತುಂಬಾ ಶೂಟ್ ಮಾಡಿ, ಹೋಗುವಾಗ ಹ್ಯಾಂಡಿಕ್ಯಾಮನ್ನೂ ಇಲ್ಲೇ ಬಿಟ್ಟು ಹೋದರು. ಒಂದೆರಡು ಸಲ ಟಿವಿಗೆ ಹಾಕಿ ನೋಡಿದ್ದೆವು, ಅಷ್ಟೇ. ಆಮೇಲೆ ಎಲ್ಲ ಬೀರುವಿನಲ್ಲಿ ಮಲಗಿತ್ತು.

ಕ್ಯಾಮೆರಾದಲ್ಲಿ ಯುಎಸ್‌ಬಿ ಇದೆಯಲ್ಲ ಅಂತ ಮೊದಲು ಅದನ್ನೇ ಚುಚ್ಚಿದೆ. ಬಂದ ವಿಡಿಯೋ ಅಂಚೆಚೀಟಿ ಗಾತ್ರದ್ದು, ಅದೂ ತಡವರಿಸುತ್ತಾ. ಆಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಆ ಯುಎಸ್‌ಬಿ ಇದ್ದಿದ್ದು ಫೋಟೋ ತೆಗೆದುಕೊಳ್ಳೋಕೆ. ವಿಡಿಯೋಗೆ ಬೇಕಾದದ್ದು ಪಕ್ಕದ ಪುಟ್ಟ ನಾಲ್ಕು ಪಿನ್ನಿನ ತೂತು, ಅದೇ ಫೈರ್‌ವೈರ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಸಿಗೋದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅರ್ಧ ದಿನ ಅಲೆದು, ಆ ತೂತು ಇರುವ ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಂದು ಹಳೇ ಡೆಸ್ಕ್‌ಟಾಪಿಗೆ ಹಾಕಿದೆ. ಕೇಬಲ್ಲು ಒಂದು ಕಡೆ ನಾಲ್ಕು ಪಿನ್, ಇನ್ನೊಂದು ಕಡೆ ಆರು ಪಿನ್ ಇರಬೇಕು. ಅಂಗಡಿಯವನು ಎರಡೂ ಕಡೆ ಆರು ಪಿನ್ನಿಂದು ಕಟ್ಟಿ ಕೊಟ್ಟಿದ್ದ, ನಾನೂ ನೋಡದೆ ತಂದಿದ್ದೆ. ಮತ್ತೆ ಹೋಗಬೇಕಾಯಿತು.

ಇಳಿಸೋಕೆ ಲಿನಕ್ಸಿನ ಡಿವಿಗ್ರಾಬ್ ಅನ್ನೋ ಪ್ರೋಗ್ರಾಮ್ ಸಾಕು. ಕ್ಯಾಸೆಟ್ ಹಾಕುವ ಮುಂಚೆ ಅದರ ಬೆನ್ನಿನಲ್ಲಿರೋ ಪುಟ್ಟ ಗುಂಡಿಯನ್ನು ಸೇವ್ ಕಡೆಗೆ ಸರಿಸಿಬಿಡಿ. ತಪ್ಪಿ ರೆಕಾರ್ಡ್ ಒತ್ತಿದರೆ ಮದುವೆಯ ಮೇಲೆ ನಿಮ್ಮ ಮೇಜು ಬರುತ್ತೆ. ಗಂಟೆಯ ಕ್ಯಾಸೆಟ್ಟಿಗೆ ಗಂಟೆಯೇ ಹಿಡಿಯುತ್ತದೆ, ಬೇಗ ಓಡಿಸೋಕೆ ಆಗಲ್ಲ. ಒಂದು ಗಂಟೆಗೆ ಸುಮಾರು 13 ಜಿಬಿ. ಅಷ್ಟು ದೊಡ್ಡ ಫೈಲು ಫ್ಯಾಟ್ 32 ಅನ್ನೋ ಹಳೇ ಫಾರ್ಮ್ಯಾಟ್ ಇರುವ ಪೆನ್‌ಡ್ರೈವಿಗೆ ಹೋಗೋದಿಲ್ಲ, ಅಲ್ಲಿ ಒಂದು ಫೈಲಿಗೆ 4 ಜಿಬಿ ಮಿತಿ. ನಡುನಡುವೆ ಚಿತ್ರ ಚೌಕ ಚೌಕವಾಗಿ ಒಡೆದಾಗ ಕ್ಲೀನಿಂಗ್ ಕ್ಯಾಸೆಟ್ ಹತ್ತು ಸೆಕೆಂಡ್ ಓಡಿಸಿದೆ, ಬಹುಪಾಲು ಸರಿಹೋಯಿತು.

ಆಟೋಸ್ಪ್ಲಿಟ್, ಟೈಮ್‌ಸ್ಟ್ಯಾಂಪ್ ಅನ್ನೋ ಆಯ್ಕೆ ಕೊಟ್ಟರೆ, ಮಾವ ರೆಕಾರ್ಡ್ ನಿಲ್ಲಿಸಿ ಶುರು ಮಾಡಿದ ಜಾಗದಲ್ಲೆಲ್ಲ ಡಿವಿಗ್ರಾಬ್ ಬೇರೆ ಫೈಲು ಮಾಡಿ, ಟೇಪಿನಲ್ಲಿದ್ದ ದಿನಾಂಕ, ಹೊತ್ತನ್ನೇ ಹೆಸರಾಗಿ ಇಡುತ್ತದೆ. ಆದರೆ ಬೆಳಗ್ಗೆ ಹತ್ತೂವರೆಯ ಮುಹೂರ್ತ ನನಗೆ ಸಿಕ್ಕಿದ್ದು ಹಿಂದಿನ ದಿನ ರಾತ್ರಿ ಹತ್ತು ಗಂಟೆಯ ಹೆಸರಲ್ಲಿ! ತಲೆ ಕೆಟ್ಟುಹೋಯಿತು. ಮಾವ ಕ್ಯಾಮೆರಾದ ಗಡಿಯಾರವನ್ನು ಕ್ಯಾಲಿಫೋರ್ನಿಯಾ ಹೊತ್ತಿನಿಂದ ಬದಲಿಸಿರಲಿಲ್ಲ ಅಂತ ಹೊಳೆದಿದ್ದು ಲಗ್ನಪತ್ರಿಕೆ ಹುಡುಕಿ ತೆಗೆದ ಮೇಲೆ. ಎಲ್ಲದಕ್ಕೂ ಹನ್ನೆರಡೂವರೆ ಗಂಟೆ ಕೂಡಿಸಿದೆ.

ಕತ್ತರಿಸೋ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಸುಲಭ. ಡಿವಿಯಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ ಇರುತ್ತದೆ, ಹಿಂದಿನದನ್ನು ನೆಚ್ಚಿಕೊಂಡಿರೋದಿಲ್ಲ. ಹಾಗಾಗಿ ವಿಡಿಯೋ ಕತ್ತರಿಸುವ, ಬದಲಿಸುವ ಪ್ರೋಗ್ರಾಮ್ ಎಫ್‌ಎಫ್‌ಎಂಪೆಗ್‌ಗೆ ಎಲ್ಲಿಂದ ಎಲ್ಲಿವರೆಗೆ ಅಂತ ಹೊತ್ತು ಕೊಟ್ಟು ಸುಮ್ನೆ ಕಾಪಿ ಮಾಡು ಅಂದರೆ ಸಾಕು, ಬೇಕಾದ ಫ್ರೇಮಿನಲ್ಲೇ ಕಟ್ ಆಗುತ್ತೆ, ಗುಣಮಟ್ಟ ಚೂರೂ ಇಳಿಯಲ್ಲ. ಮೊದಲೇ ಎಂಪಿ4 ಮಾಡಿಕೊಂಡು ಆಮೇಲೆ ಕತ್ತರಿಸೋಕೆ ಹೋಗಬೇಡಿ, ಮೊದಲ ಕ್ಯಾಸೆಟ್ಟಿನಲ್ಲಿ ನಾನು ಮಾಡಿದ್ದು ಅದೇ. ಮೂಲ ಫೈಲುಗಳನ್ನು ಮುಟ್ಟದೆ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಮುಚ್ಚಳ ತೆಗೆಯದೆ ಶೂಟ್ ಮಾಡಿದ್ದ ಹದಿನಾಲ್ಕು ನಿಮಿಷವೂ ಅಲ್ಲಿದೆ, ಕಪ್ಪು ಪರದೆ, ಹಿಂದೆ ವಾಲಗ.

ಮನೆಯವರಿಗೆ ಕಳಿಸೋಕೆ ಮಾತ್ರ ಎಂಪಿ4 ಮಾಡಿದೆ. ಓಡಾಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತೆ, ಅದಕ್ಕೆ ಡಿಇಂಟರ್‌ಲೇಸ್ ಮಾಡಬೇಕು, ಅಂದರೆ ಸಾಲು ಬಿಟ್ಟು ಸಾಲು ಹಿಡಿದ ಚಿತ್ರವನ್ನು ಪೂರ್ತಿ ಚಿತ್ರ ಮಾಡಬೇಕು. ಗಾತ್ರದ್ದು ಇನ್ನೊಂದು ತರಲೆ. ಇದು ಅಮೆರಿಕದ ಟಿವಿ ಪದ್ಧತಿಯ, ಅಂದರೆ ಎನ್‌ಟಿಎಸ್‌ಸಿ ಕ್ಯಾಮೆರಾ, ಅದರ ಚಿತ್ರ 720×480 ಚುಕ್ಕೆ, ಟಿವಿಯಲ್ಲಿ ಸರಿ ಕಂಡರೂ ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಹಿಗ್ಗುತ್ತೆ. ಹಾಗೇ ಕಳಿಸಿದ್ದಕ್ಕೆ ಅತ್ತೆ ಫೋನ್ ಮಾಡಿ "ಏನೋ, ಆಗ ನಾನು ಇಷ್ಟು ದಪ್ಪ ಇದ್ನಾ?" ಅಂದರು. 640×480ಕ್ಕೆ ಇಳಿಸಿ ಮತ್ತೆ ಕಳಿಸಿದೆ, ಸಮಾಧಾನ ಆಯಿತು.

ಒಂಬತ್ತರಲ್ಲಿ ಇಳಿದದ್ದು ಎಂಟು. ಇನ್ನೊಂದರ ಕಿಟಕಿಯಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ, ಮಲೆನಾಡಿನ ಮಳೆಗಾಲ ಅಲ್ವಾ. ಹಾಗೇ ಹಾಕಿದರೆ ಕ್ಯಾಮೆರಾದ ಹೆಡ್ಡಿಗೂ ಅಂಟುತ್ತೆ ಅಂತ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರ ಮೇಲೆ ಮಾವನ ಅಕ್ಷರದಲ್ಲಿ 'ಊಟ' ಅಂತ ಬರೆದಿದೆ.